ಹದಿನೆಂಟನೇ ಚಿಕ್ಕಮ್ಮ

ಲುವೊಯಾಂಗಿನ ದಕ್ಷಿಣದಿಂದ ಎದ್ದ ಗಾಳಿ ಮರ ಮುರಿಯಿತು, ಮರಳು ಹಾರಿಸಿತು. ಒಂದು ತೋಟದ ಹೂಗಳು ಮಾತ್ರ ಅಲುಗಲಿಲ್ಲ. ಚೀನಾದ ಟಾಂಗ್ ಕಾಲದ ಕಥೆಯೊಂದರಲ್ಲಿ ಬರುವ ಈ ಮಾತು ಬಹಳ ಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿದೆ. ತೋಟ ಉಳಿಯಿತಲ್ಲ ಎಂದು ಕಥೆ ಹಿಗ್ಗುತ್ತದೆ. ನನ್ನ ಕಣ್ಣು ಮಾತ್ರ ಗೋಡೆಯಾಚೆ ಉರುಳಿದ ಮರಗಳ ಕಡೆಗೇ ಹೋಗುತ್ತದೆ. ಅವುಗಳಲ್ಲೂ ಹೂವಿತ್ತು. ಅವುಗಳ ಪರವಾಗಿ ಬೇಡಿಕೊಳ್ಳುವವರು ಯಾರೂ ಇರಲಿಲ್ಲ, ಅಷ್ಟೇ.

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ದುಭಾಷಿ. ನನ್ನದು ಗ್ರಾನೈಟ್ ವ್ಯವಹಾರ. ಇಳಕಲ್ ಸುತ್ತಲಿನ ಕ್ವಾರಿಗಳಿಂದ ಏಳುವ ಕೆಂಪು ಕಲ್ಲು ಹಡಗು ಹತ್ತಿ ಶಿಯಾಮೆನ್ ಬಂದರಿನಲ್ಲಿ ಇಳಿದು, ಅಲ್ಲಿಂದ ನಾನ್‌ಆನ್ ಸೀಮೆಯ ಷ್ವೇಟೋ ಎಂಬ ಪಟ್ಟಣ ಸೇರುತ್ತದೆ. ಕಲ್ಲು ಕೊಯ್ಯುವುದು, ಪಾಲಿಶ್ ಮಾಡುವುದು, ಮಾರುವುದು, ಆ ಪಟ್ಟಣಕ್ಕೆ ಬೇರೆ ಕೆಲಸವೇ ಇಲ್ಲ. ದುಭಾಷಿ ಅಲ್ಲಿಯವರಲ್ಲ, ಉತ್ತರದ ಹೆನಾನ್ ಕಡೆಯವರು, ಲುವೊಯಾಂಗಿಗೆ ಹತ್ತಿರದ ಹಳ್ಳಿ. ವಯಸ್ಸಿನಲ್ಲಿ ನನ್ನ ಅಕ್ಕನಷ್ಟು. ನಾನು ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದೆ; ಅದರ ಅರ್ಥ ತಿಳಿದ ಮೇಲೆ ಅವರು ಬೇರೆ ಹೆಸರಿಗೆ ಓಗೊಡುವುದನ್ನೇ ಬಿಟ್ಟರು. ಚೀನಾದ ದೇವರುಗಳ ಬಗ್ಗೆ ಮುಂದೆ ನಾನು ಓದಿದ್ದಕ್ಕೆಲ್ಲ ಅವರ ಮಾತೇ ಬೀಜ.

ಕೆಂಪು ಬಟ್ಟೆಯವಳು

ಕಥೆ ನಡೆಯುವುದು ತಿಯೆನ್‌ಪಾವ್ ವರ್ಷಗಳಲ್ಲಿ, ಅಂದರೆ 742ರಿಂದ 756ರ ನಡುವೆ. ಬರೆದಿಟ್ಟವನು ಜಂಗ್ ಹ್ವಾನ್‌ಗೂ. ತ್ಸುಯ್ ಷ್ವೆನ್‌ವೇ ಎಂಬಾತ ಲುವೊಯಾಂಗಿನಲ್ಲಿ ಒಂಟಿಯಾಗಿ ಬದುಕಿದ್ದವನು. ಬೇರು ಗಡ್ಡೆ ತಿಂದು ಆಯುಸ್ಸು ಬೆಳೆಸಿಕೊಳ್ಳುವ ದಾವೋ ಮಾರ್ಗದವನು. ಔಷಧಿ ಮುಗಿಯಿತೆಂದು ಆಳುಗಳನ್ನು ಕರೆದುಕೊಂಡು ಸುಂಗ್ ಬೆಟ್ಟಕ್ಕೆ ಹೋಗಿ, ವರ್ಷ ಕಳೆದು ಹಿಂದಿರುಗಿದರೆ ಮನೆಯಲ್ಲಿ ನರಪಿಳ್ಳೆಯಿಲ್ಲ, ಅಂಗಳದ ತುಂಬ ಕಳೆ ಬೆಳೆದಿದೆ. ವಸಂತದ ರಾತ್ರಿ, ಒಳ್ಳೆಯ ಬೆಳದಿಂಗಳು, ಅವನಿಗೆ ನಿದ್ದೆ ಬಾರದು. ನಡುರಾತ್ರಿ ಕಳೆದ ಮೇಲೆ ಹಸಿರು ಉಟ್ಟ ಹೆಣ್ಣೊಬ್ಬಳು ಬಂದು ಕೇಳುತ್ತಾಳೆ: ನಾವು ನಾಲ್ಕಾರು ಜನ ಇಲ್ಲೇ ತೋಟದಲ್ಲಿರುವವರು, ಊರ ಬಾಗಿಲ ಹತ್ತಿರ ಚಿಕ್ಕಮ್ಮನ ಮನೆಗೆ ಹೊರಟಿದ್ದೇವೆ, ಇಲ್ಲಿ ಸ್ವಲ್ಪ ಹೊತ್ತು ಕೂತು ಹೋಗಬಹುದೇ? ಅವನು ಒಪ್ಪುತ್ತಾನೆ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಬರುತ್ತಾರೆ. ಯಾಂಗ್ ಮನೆಯವಳು, ಲೀ ಮನೆಯವಳು, ಟಾವ್ ಮನೆಯವಳು ಎಂದು ಪರಿಚಯ ಹೇಳಿಕೊಳ್ಳುತ್ತಾರೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಕೆಂಪು ಉಟ್ಟವಳು, ಅತ್ಸುವೊ.

ಅಷ್ಟರಲ್ಲಿ ಚಿಕ್ಕಮ್ಮನೇ ಬಂದುಬಿಡುತ್ತಾಳೆ. ಫಂಗ್ ಮನೆತನದ ಹದಿನೆಂಟನೇ ಚಿಕ್ಕಮ್ಮ. ಟಾಂಗ್ ಕಾಲದವರು ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಸೇರಿಸಿ ಹುಟ್ಟಿದ ಕ್ರಮದಲ್ಲಿ ಎಣಿಸಿ, ಅದೇ ಎಣಿಕೆಯಿಂದ ಕರೆಯುತ್ತಿದ್ದರು. ಹದಿನೆಂಟು ಎಂದರೆ ದೊಡ್ಡ ಮನೆ, ತುಂಬ ಜನ. ಚಿಕ್ಕಮ್ಮನ ಮಾತು ತಣ್ಣಗೆ, ಕೊರೆಯುವಂತಿರುತ್ತದೆ. ಹುಡುಗಿಯರೆಲ್ಲ ಎದ್ದು ನಿಂತು ಆದರಿಸುತ್ತಾರೆ, ಮದ್ಯ ಬಗ್ಗಿಸುತ್ತಾರೆ, ಹಾಡುತ್ತಾರೆ. ಚಿಕ್ಕಮ್ಮನ ಕೈ ಸ್ಥಿರವಿಲ್ಲದ ಕೈ. ಬಟ್ಟಲು ಮಗುಚಿ ಅತ್ಸುವೊಳ ಬಟ್ಟೆಯೆಲ್ಲ ಕಲೆಯಾಗುತ್ತದೆ. ಆ ಹುಡುಗಿ ಎದ್ದು ನಿಂತು ಹೇಳುತ್ತಾಳೆ: ಇವರೆಲ್ಲ ನಿಮ್ಮನ್ನು ಓಲೈಸಬಹುದು, ನನಗೆ ನಿಮ್ಮ ಹೆದರಿಕೆ ಇಲ್ಲ. ಚಿಕ್ಕಮ್ಮ ಸಿಟ್ಟಾಗಿ ಎದ್ದು ಹೋಗುತ್ತಾಳೆ. ಅವಳು ದಕ್ಷಿಣಕ್ಕೆ, ಇವರು ಪಶ್ಚಿಮದ ತೋಟಕ್ಕೆ.

ಮರುರಾತ್ರಿ ಅವರು ಮತ್ತೆ ಬರುತ್ತಾರೆ. ಉಳಿದವರಿಗೆ ಚಿಕ್ಕಮ್ಮನ ಕಾಲಿಗೆ ಬೀಳುವ ಯೋಚನೆ. ಅತ್ಸುವೊ ತಡೆಯುತ್ತಾಳೆ: ಆ ಮುದುಕಿಯ ಹತ್ತಿರ ಮತ್ತೆ ಯಾಕೆ, ಈ ಯಜಮಾನರನ್ನೇ ಕೇಳೋಣ. ಪ್ರತಿ ವರ್ಷ ಕೆಟ್ಟ ಗಾಳಿಯ ಕಾಟ, ಚಿಕ್ಕಮ್ಮನ ಆಶ್ರಯ ಬೇಡಿ ಬದುಕುತ್ತಿದ್ದೆವು, ನಿನ್ನೆ ಅದು ಕೆಟ್ಟಿತು; ನೀವು ಪ್ರತಿ ವರ್ಷದ ಮೊದಲ ದಿನ ಕೆಂಪು ಬಾವುಟವೊಂದರ ಮೇಲೆ ಸೂರ್ಯ, ಚಂದ್ರ, ಐದು ಗ್ರಹಗಳನ್ನು ಬರೆದು ತೋಟದ ಮೂಡಲಿಗೆ ನೆಟ್ಟರೆ ಸಾಕು. ಈ ವರ್ಷ ಆ ದಿನ ಕಳೆದುಹೋಗಿದೆ, ಈ ತಿಂಗಳ ಇಪ್ಪತ್ತೊಂದರ ಬೆಳಗಿನ ಜಾವ ಮೂಡಣ ಗಾಳಿ ಸ್ವಲ್ಪ ಸುಳಿದ ಕೂಡಲೇ ನೆಡಿ. ಅವನು ನೆಡುತ್ತಾನೆ. ಆ ದಿನವೇ ಲುವೊಯಾಂಗಿನ ಮರಗಳು ಮುರಿದದ್ದು. ಆಗ ಅವನಿಗೆ ಹೊಳೆಯುತ್ತದೆ, ಬಂದವರು ಹೂಗಳ ಜೀವಗಳು, ಅತ್ಸುವೊ ದಾಳಿಂಬೆ, ಚಿಕ್ಕಮ್ಮ ಗಾಳಿ. ಮುಂದೊಂದು ರಾತ್ರಿ ಆ ಹೆಣ್ಣುಮಕ್ಕಳು ಕೃತಜ್ಞತೆಗೆಂದು ಪೀಚ್, ಪ್ಲಮ್ ಹೂವನ್ನು ಹೊತ್ತು ತರುತ್ತಾರೆ. ಅದನ್ನು ತಿಂದ ಅವನು 806ರ ಸುಮಾರಿಗೂ ಮೂವತ್ತರ ಪ್ರಾಯದವನಂತೆ ಕಾಣುತ್ತಿದ್ದನಂತೆ.

ಇದರಲ್ಲಿ ನನ್ನ ಮನಸ್ಸು ನಿಲ್ಲುವುದು ಅತ್ಸುವೊಳ ಹತ್ತಿರ. ಅವಳ ಧೈರ್ಯಕ್ಕೆ ಒಂದು ಕಾರಣವಿದೆ, ಕಥೆ ಅದನ್ನು ಬಿಡಿಸಿ ಹೇಳುವುದಿಲ್ಲ. ಪೀಚ್, ಪ್ಲಮ್ ಹೂವು ಬಿಡುವುದು ವಸಂತದ ಗಾಳಿ ಬೀಸುವ ಹೊತ್ತಿಗೇ. ದಾಳಿಂಬೆ ಹೂಬಿಡುವುದು ಬೇಸಿಗೆ ಕಾಲಿಟ್ಟ ಮೇಲೆ. ಚಿಕ್ಕಮ್ಮನ ಸಿಟ್ಟು ಬಡಿಯುವುದಿದ್ದರೆ ಮೊದಲು ಬಡಿಯುವುದು ಅಕ್ಕಂದಿರನ್ನು. ಎದುರು ಮಾತಾಡಿದವಳು ಒಬ್ಬಳು, ಉದುರಬೇಕಾದವರು ಬೇರೆಯವರು. ಅಕ್ಕಂದಿರು ತಲೆ ಬಾಗಿ ನಿಂತದ್ದನ್ನು ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಅವರಿಗೆ ತಮ್ಮ ಎಸಳು ಎಷ್ಟು ತೆಳುವೆಂದು ಗೊತ್ತಿತ್ತು. ಆದರೂ ವರ್ಷ ವರ್ಷ ಬೇಡುವ ಕಟ್ಟಿನಿಂದ ಹೊರಗೆ ದಾರಿಯಿದೆ ಎಂದು ಕಂಡುಕೊಂಡವಳು ಅವಳೇ, ಅವರಲ್ಲ. ಬಟ್ಟೆಯ ಮೇಲೆ ಕಲೆ ಬೀಳದಿದ್ದರೆ ಆ ಬಾವುಟವೂ ಏಳುತ್ತಿರಲಿಲ್ಲ.

ಅಧಿಕಾರಿ ಗಾಳಿ, ನೆಂಟ ಗಾಳಿ

ಚೀನಾದಲ್ಲಿ ಗಾಳಿಗೆ ದೊಡ್ಡ ದೇವರು ಇಲ್ಲದೆ ಇರಲಿಲ್ಲ. ಫಂಗ್ ಬೋ ಎಂಬ ಗಾಳಿಯೊಡೆಯನಿಗೆ ರಾಜ್ಯದ ಲೆಕ್ಕದಲ್ಲೇ ಪೂಜೆ, ಸೌದೆ ಉರಿಸಿ ಹೊಗೆ ಎಬ್ಬಿಸುವ ಹೋಮ. ಹಳದಿ ಚಕ್ರವರ್ತಿಗೂ ಛೀಯೋಗೂ ನಡೆದ ಪುರಾಣದ ಯುದ್ಧದಲ್ಲಿ ಛೀಯೋ ಪಕ್ಷಕ್ಕೆ ಬಂದು ಬಿರುಗಾಳಿ ಎಬ್ಬಿಸಿದವನು ಇವನು. ಆಕಾಶದಲ್ಲಿ ಇವನ ಮನೆ ಧನುರಾಶಿಯ ನಾಲ್ಕು ಚುಕ್ಕೆಗಳ ಗುಂಪು. ಚೀನಿಯರು ಅದನ್ನು ಮೊರ ಎಂದು ಕಂಡರು. ಚಂದ್ರ ಮೊರವನ್ನು ಸೇರಿದರೆ ಗಾಳಿ ಏಳುತ್ತದೆ ಎಂದು ನಂಬಿದರು. ನಮ್ಮ ಪೂರ್ವಾಷಾಢದ ಚುಕ್ಕೆಗಳೂ ಅಲ್ಲಿಯವೇ. ಗಾಳಿಗೆ ತೂರಿ ಕಾಳು ಹಸನು ಮಾಡುವವರಿಗೆ ಗಾಳಿಯ ಗುರುತಾಗಿ ಮೊರ ಕಂಡದ್ದರಲ್ಲಿ ನನಗೆ ಯಾವ ಆಶ್ಚರ್ಯವೂ ಇಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಕ್ರಿ.ಪೂ. 13ನೇ ಶತಮಾನದ ಹೊತ್ತಿಗೇ ಶಾಂಗ್ ಅರಸರ ಶಕುನದ ಮೂಳೆಗಳ ಮೇಲೆ ನಾಲ್ಕು ದಿಕ್ಕಿನ ನಾಲ್ಕು ಗಾಳಿಗಳಿಗೂ ಬೇರೆ ಬೇರೆ ಹೆಸರು ಕೊರೆದಿದ್ದಾರೆ. ಬೆಟ್ಟ ಕಡಲುಗಳ ಹಳೆಯ ಗ್ರಂಥ ‘ಶಾನ್ ಹಾಯ್ ಚಿಂಗ್’ ಅದೇ ನೆನಪನ್ನು ಬೇರೆ ರೂಪದಲ್ಲಿ ಇಟ್ಟುಕೊಂಡಿದೆ. ಮೂಡಲ ತುದಿಯಲ್ಲಿ ಜೆ ಎಂಬವನಿದ್ದಾನೆ, ಗಾಳಿಯನ್ನು ಒಳಕ್ಕೆ ಹೊರಕ್ಕೆ ಬಿಡುವುದು ಅವನ ಕೆಲಸ. ಅದೇ ಗ್ರಂಥದಲ್ಲಿ ನಾಯಿಯ ಮೈ, ಮನುಷ್ಯನ ಮುಖದ ಪ್ರಾಣಿಯೊಂದಿದೆ. ಅದಕ್ಕೆ ಎಸೆಯುವುದರಲ್ಲಿ ಕೈ ಪಳಗಿದೆ, ಮನುಷ್ಯರನ್ನು ಕಂಡರೆ ನಗುತ್ತದೆ, ಗಾಳಿಯಂತೆ ಓಡುತ್ತದೆ, ಅದು ಕಾಣಿಸಿದರೆ ಲೋಕಕ್ಕೆಲ್ಲ ದೊಡ್ಡ ಗಾಳಿ. ಬಿಳಿ ತಲೆ, ಬಿಳಿ ಬಾಲ, ಹಳದಿ ಮೈಯ ಹಂದಿಯಂಥದೂ ಒಂದಿದೆ, ಅದು ಕಂಡರೂ ಅಷ್ಟೇ. ಫೇ ಲಿಯೆನ್ ಎಂಬ ಗಾಳಿಯ ಜೀವಕ್ಕೆ ಜಿಂಕೆಯ ಮೈ, ಗುಬ್ಬಿಯ ತಲೆ, ಕೊಂಬು, ಹಾವಿನ ಬಾಲ, ಚಿರತೆಯ ಚುಕ್ಕೆ. ಕವಿ ಚ್ಯು ಯುವಾನ್ ಆಕಾಶಯಾತ್ರೆ ಹೊರಟಾಗ ಅವನ ರಥದ ಹಿಂದೆ ಓಡುತ್ತ ಬರುವವನು ಅವನು. ನಮ್ಮ ವಾಯುವೂ ಬೌದ್ಧರ ಜೊತೆ ಅಲ್ಲಿಗೆ ಹೋಗಿ ದಿಕ್ಪಾಲಕರ ಸಾಲಿನಲ್ಲಿ ಸೇರಿಕೊಂಡ. ವಾಯವ್ಯ ಚೀನಾದ ದುನ್‌ಹುವಾಂಗಿನ 6ನೇ ಶತಮಾನದ ಗುಹೆಯ ಛಾವಣಿಯಲ್ಲಿ ಗಾಳಿಚೀಲ ಹಿಡಿದ ಗಾಳಿದೇವರು ಓಡುತ್ತಿರುವುದನ್ನು ಈಗಲೂ ನೋಡಬಹುದು.

ಇವರೆಲ್ಲರ ಬಗ್ಗೆ ಓದುತ್ತ ಹೋದಂತೆ ನನಗೆ ಎದ್ದು ಕಂಡದ್ದು ಇಷ್ಟು: ಇವರ ಜೊತೆ ಯಾರೂ ಮಾತಾಡುವುದಿಲ್ಲ. ನಗುವ ನಾಯಿಯನ್ನು ಕಂಡರೆ ಗಾಳಿ ಬರುತ್ತದೆಂದು ತಿಳಿಯಬಹುದು, ಅದನ್ನು ಬೇಡಿಕೊಳ್ಳಲಾಗದು. ಫಂಗ್ ಬೋಗೆ ಹೋಮ ಮಾಡುವುದು ಅಧಿಕಾರಿಗಳ ಪಾಡು. ಆದರೆ ಒಂದು ತೋಟ, ಒಂದು ದೋಣಿ, ಒಂದು ದಿನದ ಕೆಲಸ ಗಾಳಿಗೆ ಸಿಕ್ಕಾಗ ಜನ ತಿರುಗಿದ್ದು ಹದಿನೆಂಟನೇ ಚಿಕ್ಕಮ್ಮನಂಥವರ ಕಡೆಗೆ. ಅವಳಿಗೆ ಪದವಿಯಿಲ್ಲ, ಮನೆತನವಿದೆ. ಸಿಟ್ಟು ಬರುತ್ತದೆ, ಕುಡಿಯುತ್ತಾಳೆ, ಬಟ್ಟಲು ಚೆಲ್ಲುತ್ತಾಳೆ. ಇಂಥವರ ಹತ್ತಿರ ಹೋಗಿ ಚಿಕ್ಕಮ್ಮಾ, ಈ ಒಂದು ಸಲ ಬಿಟ್ಟುಬಿಡು ಎನ್ನಬಹುದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ; ದೂರದ ದೇವರು ಬೇರೆ, ಮನೆಯ ಪಕ್ಕದ ದೈವ ಬೇರೆ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಸುಳಿಗಾಳಿಯ ಮಾತು ಬಂದದ್ದೂ ಹೀಗೆಯೇ. ಷ್ವೇಟೋದ ಕಲ್ಲಿನ ಯಾರ್ಡಿನಲ್ಲಿ ಒಮ್ಮೆ ಮಟಮಟ ಮಧ್ಯಾಹ್ನ ಕಲ್ಲುಪುಡಿಯೆಲ್ಲ ಗಿರ್ರನೆ ಎದ್ದು ಸುತ್ತುತ್ತ ಬಂತು. ನಾನು ಯೋಚಿಸುವ ಮೊದಲೇ ನನ್ನ ಬಾಯಿ ಥೂ ಎಂದಿತು. ಹೊಲದಲ್ಲಿ ದೆವ್ವಗಾಳಿ ಎದ್ದರೆ ಅವ್ವ ಸೆರಗಿನಲ್ಲಿ ನನ್ನ ಮುಖ ಮುಚ್ಚಿ, ಅದರ ಕಡೆ ಥೂ ಥೂ ಎಂದು ಉಗಿಯುತ್ತಿದ್ದಳು. ಅದು ಮೈಗೆ ಅಂಟಿ ಬಂದಿದೆ. ಪಕ್ಕಕ್ಕೆ ತಿರುಗಿದರೆ ಅಕ್ಕಾರೂ ಉಗಿದಿದ್ದರು! ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತೆವು. ಅವರ ಕಡೆ ಮಕ್ಕಳು ಅದಕ್ಕೊಂದು ಹಾಡು ಹೇಳುತ್ತಾರಂತೆ: ಸುಳಿಗಾಳಿ ಸುಳಿಗಾಳಿ ನೀ ದೆವ್ವ, ಮೂರು ಕುಡುಗೋಲಲಿ ನಿನ್ನ ಕಾಲು ಕಡಿವೆ. ನೆಲದ ಮೇಲೆ ಒಂಟಿ ಕಾಲಲ್ಲಿ ತಿರುಗುವುದಕ್ಕೆ ಎಷ್ಟು ಸರಿಯಾದ ಬೆದರಿಕೆ. ದಿಕ್ಕಿಲ್ಲದೆ ಸತ್ತವರ ಜೀವ ಹಾಗೆ ಸುತ್ತುತ್ತದೆ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ಚೀನಾದ ಹಳೆಯ ನ್ಯಾಯಾಧೀಶರ ಕಥೆಗಳಲ್ಲಿ ಅನ್ಯಾಯವಾಗಿ ಸತ್ತವನು ಸುಳಿಗಾಳಿಯಾಗಿ ಬಂದು ಅಧಿಕಾರಿಯ ಕುದುರೆಯ ಮುಂದೆ ಸುತ್ತಿ, ಹೆಣ ಹೂತ ಜಾಗಕ್ಕೆ ದಾರಿ ತೋರಿಸುತ್ತಾನೆ. ನಮ್ಮಲ್ಲಿಯೂ ಗಾಳಿ ಹಿಡಿಯುತ್ತದೆ, ಗಾಳಿ ಬಿಡಿಸುತ್ತಾರೆ. ಗಾಳೆಪ್ಪ, ಗಾಳೆಮ್ಮ ಎಂದು ಹೆಸರಿಡುವ ಸೀಮೆಯವನು ನಾನು. ಹಾಗಾಗಿ ಉಗಿಯುವುದು ಯಾಕೆ ಎಂದು ಅಕ್ಕಾರು ನನ್ನನ್ನು ಕೇಳಲಿಲ್ಲ, ನಾನೂ ಅವರನ್ನು ಕೇಳಲಿಲ್ಲ.

ನಮ್ಮ ಕಣದ ಹೊಟ್ಟು

ತೋಟದ ಕಥೆಯ ನಂತರ ನನಗೆ ನೆನಪಾದದ್ದು ಊರಿನ ಕಣ. ಬಿಳಿಜೋಳದ ರಾಶಿಯ ದಿನಗಳು. ನಮ್ಮ ಕಣಕ್ಕೆ ಒತ್ತಿಕೊಂಡೇ ಇನ್ನೊಬ್ಬರ ಕಣ, ನಡುವೆ ಒಂದು ಬದು. ಹಂತಿ ತುಳಿಸಿ ಆಗಿದೆ, ತೂರಬೇಕು, ಗಾಳಿಯಿಲ್ಲ. ಅಪ್ಪ ಎತ್ತರದ ಮಣೆಯ ಮೇಲೆ ಮೊರ ಹಿಡಿದು ನಿಂತೇ ಇದ್ದಾನೆ, ಕೆಳಗೆ ಅವ್ವ ಮುಂದಿನ ಮೊರ ತುಂಬಿಟ್ಟುಕೊಂಡು ಕೂತಿದ್ದಾಳೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಪೇಟೆಯಲ್ಲಿ ಸಮಯಸಾಧಕರಿಗೆ ಅನ್ನುತ್ತಾರೆ. ಕಣದಲ್ಲಿ ಅದರ ಮೊದಲ ಅರ್ಥವೇ ಬೇರೆ: ಗಾಳಿ ಬರುವವರೆಗೆ ಎಷ್ಟು ಹೊತ್ತಾದರೂ ಕಾಯಬೇಕು, ಬಂದಾಗ ರೆಪ್ಪೆ ಮುಚ್ಚಬಾರದು.

ಸಂಜೆಯ ಹೊತ್ತಿಗೆ ಗಾಳಿ ಎದ್ದಿತು. ಬಾ ಯಪ್ಪಾ, ಬಾ ನನ್ನವ್ವಾ ಎಂದು ಅವ್ವ ಗಾಳಿಯನ್ನು ಗಂಡೂ ಹೆಣ್ಣೂ ಮಾಡಿ ಕರೆದಳು. ಅಪ್ಪ ತೂರತೊಡಗಿದ. ಕಾಳು ನೇರ ಕೆಳಗೆ, ಹೊಟ್ಟು ಬಂಗಾರದ ಹೊಗೆಯಾಗಿ ಬದು ದಾಟಿ ಹೋಯಿತು. ಬದುವಿನಾಚೆ ಅವರ ರಾಶಿ ಅದಾಗಲೇ ಹಸನಾಗಿತ್ತು, ಇನ್ನು ಚೀಲ ತುಂಬುವುದೊಂದೇ ಬಾಕಿ. ನಮ್ಮ ಹೊಟ್ಟೆಲ್ಲ ಅದರ ಮೇಲೆ ಹಾಸಿತು. ಆ ಮನೆಯ ಅಜ್ಜಿ ಓಡಿ ಬಂದು ಸೆರಗು ಬಿಚ್ಚಿ ರಾಶಿಗೆ ಅಡ್ಡ ಹಿಡಿದು ನಿಂತಳು. ಮೊಳದಗಲದ ಸೆರಗು, ಅಷ್ಟು ದೊಡ್ಡ ರಾಶಿ. ನಿಲ್ಲಸ್ರೋ ಎಂದು ಕೂಗಿದಳು. ಅಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಗಾಳಿ ಕಳೆದುಹೋಗುತ್ತಿತ್ತು, ಮಳೆಯ ಮೋಡವೂ ಇತ್ತು. ಆ ವರ್ಷ ಎರಡೂ ಮನೆಗೆ ಮಾತು ನಿಂತಿತು. ಅವ್ವನ ಕರೆಗೆ ಗಾಳಿ ಓಗೊಟ್ಟಿದ್ದು ನಿಜವಾದರೆ, ಆ ಅಜ್ಜಿಯ ಕೂಗನ್ನು ಅದು ಕೇಳಲಿಲ್ಲ ಎಂಬುದೂ ನಿಜ.

ಇದಕ್ಕೇ ನನಗೆ ಗಾಳಿಯ ಸಣ್ಣ ದೈವಗಳ ಮೇಲೆ ಇಷ್ಟು ಆಸಕ್ತಿ. ಅವರ ಕಥೆಗಳು ಗಾಳಿ ಎಲ್ಲರಿಗೂ ಒಂದೇ ಎಂದು ನಟಿಸುವುದಿಲ್ಲ. ಕ್ರಿ.ಪೂ. 3ನೇ ಶತಮಾನದ ಕವಿ ಸುಂಗ್ ಯು ಹೆಸರಿನಲ್ಲಿ ಉಳಿದಿರುವ ಗಾಳಿಯ ಮೇಲಿನ ರಚನೆಯಲ್ಲಿ ಚು ರಾಜ್ಯದ ದೊರೆ ಅರಮನೆಯಲ್ಲಿ ಗಾಳಿಗೆ ಎದೆಯೊಡ್ಡಿ ಕೇಳುತ್ತಾನೆ: ಎಷ್ಟು ಹಿತವಾದ ಗಾಳಿ, ಇದು ನನಗೂ ಪ್ರಜೆಗಳಿಗೂ ಸಮನಾಗಿ ಸಿಗುವಂಥದೇ ತಾನೆ? ಕವಿ ಇಲ್ಲ ಎನ್ನುತ್ತಾನೆ. ಇದು ದೊರೆಗಳ ಗಾಳಿ ಮಾತ್ರ. ಗಾಳಿ ಹುಟ್ಟುವುದು ನೀರಮೇಲಿನ ಪುಟ್ಟ ಎಲೆಯ ತುದಿಯಲ್ಲಿ. ಹೂಗಳ ಮೇಲೆ ಹಾದು ನಿಮ್ಮ ಮನೆಗೆ ಬರುವುದು ಒಂದು, ಕೊಳೆತ ಗಲ್ಲಿಯ ಧೂಳು ಎಬ್ಬಿಸಿ ಬಡವರ ಗುಡಿಸಲಿಗೆ ರೋಗ ತರುವುದು ಇನ್ನೊಂದು. ದೊರೆಯ ಮುಖಕ್ಕೆ ಹೀಗೆ ಹೇಳಿದ್ದನ್ನು ಹೊಗಳಿಕೆ ಎಂದು ಓದಿದವರಿದ್ದಾರೆ, ಚುಚ್ಚು ಎಂದು ಓದಿದವರಿದ್ದಾರೆ. ನಾನು ಎರಡನೆಯವರ ಜೊತೆ.

ಎರಡನೆಯವನಿಗೆ ಮದ್ಯ

ಷ್ಯುನ್ ಅರ್, ಅಂದರೆ ಷ್ಯುನ್ ಮನೆಯ ಎರಡನೆಯವನು, ಇನ್ನೊಬ್ಬ ನೆಂಟ ಗಾಳಿ. ಕೋತಿರಾಯನ ಪಶ್ಚಿಮಯಾತ್ರೆಯ ಕಾದಂಬರಿ ಓದಿದವರಿಗೆ ಇವನ ಪರಿಚಯ ಇರಬಹುದು. ಮಳೆ ತರಿಸುವ ಪಂದ್ಯದಲ್ಲಿ ಆ ಕೋತಿರಾಯ, ಸುನ್ ವುಕುಂಗ್, ಗದರಿದಾಗ ಗಾಳಿ ಅಜ್ಜಿ ಚೀಲದ ಬಾಯಿ ಹಿಡಿದರೆ, ಇವನು ಹಗ್ಗ ಬಿಗಿಯುತ್ತಾನೆ. ಆದರೆ ಇವನ ಒಳ್ಳೆಯ ಕಥೆ ಅದಕ್ಕಿಂತ ಹಳೆಯದು. 710ರಲ್ಲಿ ಜಿನ್‌ಜೋದ ಅಧಿಕಾರಿ ಶ್ಯಾವ್ ಜಿಜುಂಗ್ ವರ್ಷದ ಕೊನೆಯ ಹಬ್ಬಕ್ಕೆ ದೊಡ್ಡ ಬೇಟೆ ಹೂಡುತ್ತಾನೆ. ಹಿಂದಿನ ದಿನ ಸೌದೆಗೆಂದು ಹುವೊ ಬೆಟ್ಟಕ್ಕೆ ಹೋದವನೊಬ್ಬ ಚಳಿಜ್ವರ ಬಂದು ಮನೆಗೆ ಮರಳಲಾಗದೆ ಗವಿಯಲ್ಲಿ ಉಳಿಯುತ್ತಾನೆ. ರಾತ್ರಿ ಅವನ ಕಣ್ಣ ಮುಂದೆ ಕಾಡಿನ ಪ್ರಾಣಿಗಳೆಲ್ಲ ನೆರೆಯುತ್ತವೆ. ಆಳೆತ್ತರ ಮೀರಿದ ಒಬ್ಬ ದೂತ ಓದಿ ಹೇಳುತ್ತಾನೆ: ನಾಳೆ ನಿಮ್ಮಲ್ಲಿ ಇಷ್ಟು ಜನ ಬಾಣಕ್ಕೆ, ಇಷ್ಟು ಜನ ಬಲೆಗೆ, ಇಷ್ಟು ಜನ ನಾಯಿಗೆ, ಇಷ್ಟು ಜನ ಗಿಡುಗಕ್ಕೆ. ಮುದಿ ಹುಲಿಯೂ ಮುದಿ ಜಿಂಕೆಯೂ ಮಂಡಿಯೂರಿ ಅಳುತ್ತವೆ. ದೂತನಿಗೂ ಕೊಲ್ಲಿಸುವ ಆಸೆಯಿಲ್ಲ, ಅಪ್ಪಣೆ ಮುಟ್ಟಿಸಿದೆ, ನನ್ನ ಕೆಲಸ ಮುಗಿಯಿತು, ಆಚೆ ಕಣಿವೆಯ ಯೆನ್ ನಾಲ್ಕನೇ ಅಣ್ಣನಿಗೆ ಉಪಾಯ ಗೊತ್ತು, ಅವನನ್ನು ಕೇಳಿ ಎನ್ನುತ್ತಾನೆ.

ನಾಲ್ಕನೇ ಅಣ್ಣ ಹೇಳುವ ಉಪಾಯ ಸರಳ. ಆ ಅಧಿಕಾರಿಗೆ ತನ್ನ ಆಳುಗಳು ಚಳಿಯಲ್ಲಿ ನಡುಗುವುದು ಇಷ್ಟವಿಲ್ಲ. ತಂಗ್ ಮನೆಯ ಆರನೆಯವನು ಹಿಮ ಸುರಿಸಿದರೆ, ಷ್ಯುನ್ ಮನೆಯ ಎರಡನೆಯವನು ಗಾಳಿ ಎಬ್ಬಿಸಿದರೆ, ಬೇಟೆಯೇ ನಡೆಯದು. ಆದರೆ ಇಬ್ಬರಿಗೂ ಏನಾದರೂ ಕೊಡಬೇಕು. ಗಾಳಿಯವನಿಗೆ ಒಳ್ಳೆಯ ಮದ್ಯ ಸಾಕು. ಹಿಮದವನಿಗೆ ಹೆಂಡತಿ ತೀರಿಹೋಗಿದ್ದಾಳೆ, ಅವನಿಗೊಬ್ಬ ಚೆಲುವೆ ಬೇಕು. ನರಿಗಳು ಎರಡನ್ನೂ ತರುತ್ತೇವೆಂದು ಮುಂದೆ ಬರುತ್ತವೆ. ಬೆಳಕು ಹರಿಯುವ ಮೊದಲೇ ಗಾಳಿ, ಹಿಮ ಒಟ್ಟಿಗೆ ಬಡಿಯುತ್ತವೆ. ಅಧಿಕಾರಿ ಬೇಟೆಗೆ ಹೊರಡುವುದೇ ಇಲ್ಲ. ಕಾಡಿನ ಜೀವಗಳೆಲ್ಲ ಉಳಿದವು ಎಂಬುದು ಸಂತೋಷದ ಮಾತು. ಆ ರಾತ್ರಿ ಯಾರದೋ ಮನೆಯಿಂದ ನರಿ ಒಯ್ದ ಹೆಣ್ಣಿನ ಪಾಡೇನು? ಅವಳು ಯಾರನ್ನು ಬೇಡಿಕೊಂಡಳು? ಮದ್ಯದ ಲೆಕ್ಕವಾದರೂ ಹಗುರ, ಅದನ್ನು ಯಾರೋ ಮತ್ತೆ ಕಾಯಿಸಿಕೊಂಡಾರು.

ಈ ಎರಡು ಕಥೆಗಳಿಗೆ ನೂರಾರು ವರ್ಷ ಓದುಗರಿದ್ದರು. 1683ರಲ್ಲಿ ಪಾಠ ಹೇಳುತ್ತ ಪರರ ಮನೆಯಲ್ಲಿದ್ದ ಕಥೆಗಾರ ಪು ಸುಂಗ್‌ಲಿಂಗ್ ಒಂದು ಕನಸು ಬರೆದಿದ್ದಾನೆ. ಹೂಗಳ ರಾಣಿ ಅವನನ್ನು ಕರೆಸಿ, ಫಂಗ್ ಮನೆಯವಳ ಮೇಲೆ ಯುದ್ಧ ಸಾರುವ ಪತ್ರ ಬರೆದುಕೊಡು ಎನ್ನುತ್ತಾಳೆ. ಅವನು ಬರೆಯುತ್ತಾನೆ, ಗಾಳಿ ಇತಿಹಾಸದುದ್ದಕ್ಕೂ ಮಾಡಿದ ಅಪರಾಧಗಳನ್ನೆಲ್ಲ ಪಟ್ಟಿ ಮಾಡಿ. ಅದರ ಪಾಂಡಿತ್ಯ ದೊಡ್ಡದು, ಆದರೂ ನನ್ನ ಮನಸ್ಸು ಅತ್ತ ಹೋಗಲಿಲ್ಲ. ಪತ್ರದಲ್ಲಿ ಚಿಕ್ಕಮ್ಮ ಶತ್ರುವಾಗಿಬಿಡುತ್ತಾಳೆ. ಶತ್ರುವಿಗೆ ಬಟ್ಟಲು ನೀಡಿ ಎದುರು ಕೂರಿಸಿಕೊಳ್ಳಲು ಬರುವುದಿಲ್ಲ.

ಬೆಟ್ಟದ ಮೇಲಿನ ಅಕ್ಷರ

ಷ್ವೇಟೋ ಇರುವ ನಾನ್‌ಆನ್ ಸೀಮೆಯಲ್ಲೇ ಒಂಬತ್ತನೇ ದಿನದ ಬೆಟ್ಟ ಎಂಬ ಅರ್ಥದ ಜ್ಯೂರ್ ಶಾನ್ ಇದೆ. ಬೆಟ್ಟ ಎನ್ನುವುದಕ್ಕಿಂತ ಗುಡ್ಡ. ವ್ಯವಹಾರವಿಲ್ಲದ ಒಂದು ಭಾನುವಾರ ಅಕ್ಕಾರು ಕರೆದುಕೊಂಡು ಹೋದರು. ಬಂಡೆಗಳ ಮೇಲೆ ಕೊರೆದು ಕೆಂಪು ತುಂಬಿದ ಅಕ್ಷರಗಳು. ಕಲ್ಲು ನನ್ನ ಕಸುಬಾದ್ದರಿಂದ ಮೊದಲು ಕೈ ಹೋದದ್ದು ಕೊರೆತದ ಅಂಚಿಗೆ. ಎಂಟು ನೂರು ವರ್ಷದ ಮಳೆ ಗಾಳಿಗೂ ಅಂಚು ಮಾಸದ ಕೆಲಸ. ಸುಂಗ್ ಅರಸರ ಕಾಲದಲ್ಲಿ ಪಕ್ಕದ ಚ್ವಾನ್‌ಜೋ ದೊಡ್ಡ ಬಂದರು. ಅಲ್ಲಿನ ಅಧಿಕಾರಿಗಳು, ಹಡಗು ವ್ಯಾಪಾರದ ಕಚೇರಿಯವರು ವರ್ಷಕ್ಕೆ ಎರಡು ಸಲ ಇಲ್ಲಿಗೆ ಬಂದು ಗಾಳಿಗಾಗಿ ಪ್ರಾರ್ಥಿಸುತ್ತಿದ್ದರು. ಚಳಿಗಾಲದಲ್ಲಿ ಹೊರಡುವ ಹಡಗುಗಳಿಗೆ ಈಶಾನ್ಯದ ಗಾಳಿ, ಬೇಸಿಗೆಯಲ್ಲಿ ಮರಳುವ ಹಡಗುಗಳಿಗೆ ನೈರುತ್ಯದ ಗಾಳಿ. ಆ ನೈರುತ್ಯ ಮಾರುತ ನಮ್ಮ ಕರಾವಳಿಗೂ ಮಳೆ ಹೊತ್ತು ತರುವಂಥದು. 1174ರಿಂದ 1266ರವರೆಗಿನ ಇಂಥ ಪ್ರಾರ್ಥನೆಗಳ ಹತ್ತು ಶಾಸನಗಳು ಉಳಿದಿವೆ.

ಅವರು ಪ್ರಾರ್ಥಿಸಿದ್ದು ಫಂಗ್ ಬೋವನ್ನಲ್ಲ ಎಂಬುದು ನನಗೆ ತುಂಬ ಹಿಡಿಸಿತು. ತುಂಗ್‌ಯುವಾನ್ ಅರಸು ಎಂಬ ಬಿರುದು ಪಡೆದ ಸ್ಥಳೀಯ ದೈವ ಅದು, ಮೂಲದಲ್ಲಿ ಒಂದು ಬೆಟ್ಟದ ದೈವ. ಗುಡಿ ಕಟ್ಟಲು ಮರ ಹುಡುಕುತ್ತಿದ್ದ ಸನ್ಯಾಸಿಗೆ ಮುದುಕನ ರೂಪದಲ್ಲಿ ಬಂದು ಮರ ತೋರಿಸಿದವನು ಎಂದು ಐತಿಹ್ಯ. ಮರ ಕೊಟ್ಟವನೇ ಮುಂದೆ ಗಾಳಿಯನ್ನೂ ಕೊಡುವವನಾದ. ಕಡೆಗೆ ಕಡಲಿನ ಹೊಣೆಯೆಲ್ಲ ಮಾಜು ಎಂಬ ತಾಯಿಯ ಪಾಲಾಗಿ ಇವನು ಹಿಂದೆ ಸರಿದ.

1183ರ ಚಳಿಗಾಲದ ಶಾಸನವನ್ನು ಅಕ್ಕಾರು ಅಕ್ಷರ ಅಕ್ಷರ ಓದಿ ಹೇಳಿದರು. ನಗರದ ಮುಖ್ಯಾಧಿಕಾರಿ ಸೂಮಾ ಜೀ ಮತ್ತು ಸಂಗಡಿಗರು ಹಡಗು ಕಳಿಸುವ ಸಲುವಾಗಿ ಗಾಳಿಗೆ ಪ್ರಾರ್ಥಿಸಿದರು, ಪದ್ಧತಿಯಂತೆ. ಸುತ್ತಲಿನ ಚೆಲುವನ್ನೆಲ್ಲ ನೋಡಿದರು, ಮಂಟಪದಲ್ಲಿ ಕೊಂಚ ವಿಶ್ರಮಿಸಿದರು, ಭರತಕ್ಕೆ ಕಾದು ದೋಣಿಯಲ್ಲಿ ಮರಳಿದರು. ಇಷ್ಟೇ. ಪ್ರಾರ್ಥನೆಯ ಮಾತು ಏನೆಂದು ಬರೆದಿಲ್ಲ. ಬರೆಯುವ ಅಗತ್ಯ ಇರಲಿಲ್ಲವೇನೋ; ಆ ಕಾಲಕ್ಕೆ ಹೇಗೂ ಬೀಸಲಿರುವ ಗಾಳಿಯನ್ನೇ ಅವರು ಬೇಡಿದ್ದು, ಅದರಿಂದ ಯಾರಿಗೂ ಹಾನಿಯಿಲ್ಲ. ಹೊರಡುವವರಿಗೆ ಒಂದು ಕಾಲ, ಬರುವವರಿಗೆ ಇನ್ನೊಂದು ಕಾಲ. ನಮ್ಮೆರಡು ಕಣಗಳಿಗೂ ಇಂಥದೊಂದು ಏರ್ಪಾಟು ಇರಬೇಕಿತ್ತು ಎಂದು ಅಲ್ಲಿ ನಿಂತು ಅನ್ನಿಸಿತು. ಆದರೆ ಹಡಗು ಹತ್ತಿದವನ ಹೆಂಡತಿ ಈ ಬಂಡೆಗಳ ಮೇಲೆ ಎಲ್ಲೂ ಇಲ್ಲ. ಅವಳಿಗೆ ಯಾವ ಗಾಳಿ ಬೇಕಿತ್ತು ಎಂದು ಯಾವ ಕಚೇರಿಯೂ ಕೇಳಲಿಲ್ಲ.

ಶಿ ಮನೆಯ ಮಗಳು

ಅದನ್ನು ಕೇಳಿದ್ದು ಒಂದು ಕಥೆ. ಶಿ ಮನೆಯ ಮಗಳನ್ನು ಯೋ ಎಂಬ ವ್ಯಾಪಾರಿಗೆ ಕೊಟ್ಟಿದ್ದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಅವನು ದೂರದ ವ್ಯಾಪಾರಕ್ಕೆ ಹೊರಟ, ಅವಳು ಬೇಡವೆಂದಳು, ಕೇಳಲಿಲ್ಲ, ಹೋದ, ಬರಲಿಲ್ಲ. ಕಾದು ಕಾದು ಹಾಸಿಗೆ ಹಿಡಿದ ಅವಳು ಸಾಯುವ ಮುಂಚೆ ಹೇಳಿದಳು: ಅವರನ್ನು ತಡೆಯಲಾಗಲಿಲ್ಲವಲ್ಲ, ಅದೇ ನನ್ನ ಸಂಕಟ. ಇನ್ನು ಮುಂದೆ ಯಾವ ವ್ಯಾಪಾರಿ ದೂರಕ್ಕೆ ಹೊರಟರೂ ಲೋಕದ ಹೆಂಡಂದಿರ ಪರವಾಗಿ ನಾನೇ ದೊಡ್ಡ ಗಾಳಿಯಾಗಿ ಎದುರು ಬೀಸುತ್ತೇನೆ. ದೋಣಿಗೆ ಎದುರಾಗುವ ಬಿರುಗಾಳಿಗೆ ಹೀಗೆ ಶಿ ಯೋ ಗಾಳಿ ಎಂದು ಹೆಸರಾಯಿತು. ಕಥೆಯನ್ನು ಬರೆದಿಟ್ಟದ್ದು ತಡವಾಗಿ. ಗಾಳಿಯ ಹೆಸರು ಬಹಳ ಹಳೆಯದು. 5ನೇ ಶತಮಾನದ ಚಕ್ರವರ್ತಿಯೊಬ್ಬ ಹೆಣ್ಣಿನ ದನಿಯಲ್ಲಿ ಬರೆದ ಪದ್ಯದಲ್ಲೇ ನಾನು ಶಿ ಯೋ ಗಾಳಿಯಾಗಿ ನಾಲ್ಕೂ ದಿಕ್ಕಿನ ಪಯಣ ತಡೆದೇನು ಎಂಬ ಆಸೆ ಬರುತ್ತದೆ.

ಚೀನಾದ ಗಾಳಿಗಳಲ್ಲೆಲ್ಲ ನನಗೆ ಹೆಚ್ಚು ಗೌರವ ಇವಳ ಮೇಲೆ. ಚಿಕ್ಕಮ್ಮನಂತೆ ಓಲೈಕೆ ಕೇಳುವುದಿಲ್ಲ, ಎರಡನೆಯವನಂತೆ ಮದ್ಯ ಕೇಳುವುದಿಲ್ಲ. ಕಂಡು ಕೇಳದ ಹೆಂಗಸರಿಗಾಗಿ ಬೀಸುತ್ತಾಳೆ. ಆದರೂ ಅವಳ ಗಾಳಿಗೂ ಆಚೆ ಬದಿಯಿದೆ. ದಂಡೆಯಲ್ಲಿ ಸಿಕ್ಕಿಬಿದ್ದವರಲ್ಲಿ ಮನೆಗೆ ಹೊರಟವರೂ ಇರಬಹುದು. ಕೂಲಿ ತಪ್ಪಿದ ಅಂಬಿಗನಿಗೂ ಹೆಂಡತಿ ಮಕ್ಕಳಿದ್ದಾರು.

ಕಥೆಗೆ ಒಂದು ಬಾಲವಿದೆ. ಒಬ್ಬ ಅಂಬಿಗ, ನೂರು ಕಾಸು ಕೊಟ್ಟರೆ ಈ ಗಾಳಿಯನ್ನು ತಿರುಗಿಸುತ್ತೇನೆ ಎನ್ನುತ್ತಿದ್ದನಂತೆ. ಯಾರೋ ಕೊಟ್ಟರು, ಗಾಳಿ ನಿಂತೇಬಿಟ್ಟಿತು. ಅವನು ಗುಟ್ಟಾಗಿ ಹದಿನಾಲ್ಕು ಅಕ್ಷರ ಬರೆದು ನೀರಿಗೆ ಬಿಡುತ್ತಿದ್ದ ಎಂದು ಆಮೇಲೆ ತಿಳಿಯಿತು: ಶಿ ತಾಯಿಯ ಪರವಾಗಿ ಯೋ ಅವರನ್ನು ಮನೆಗೆ ಕರೆತರಲು ಹೊರಟಿದ್ದೇನೆ, ನನ್ನ ದೋಣಿಗೆ ದಾರಿ ಬಿಡು.

ಅವಳು ಮೋಸಹೋದಳು ಎಂದು ನನಗೆ ಅನ್ನಿಸುವುದಿಲ್ಲ. ಅಷ್ಟು ಕಾಲ ಅಷ್ಟು ದೋಣಿಗಳನ್ನು ನೋಡಿದವಳಿಗೆ ಸುಳ್ಳು ಯಾವುದೆಂದು ತಿಳಿಯದೆ ಇದ್ದೀತೆ? ನೂರರಲ್ಲಿ ಒಂದು ಚೀಟಿ ನಿಜವಾಗಿದ್ದರೆ ಅದನ್ನು ತಡೆದಂತಾಗಬಾರದು ಎಂದು ಎಲ್ಲವನ್ನೂ ಬಿಟ್ಟಿರಬೇಕು. ಅಕ್ಕಾರಿಗೆ ಇದನ್ನು ಹೇಳಿದೆ. ಅವರ ಗಂಡ ಬೇರೆ ಪ್ರಾಂತ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಮನೆಗೆ ಬರುವುದು ಹೊಸವರ್ಷದ ಹಬ್ಬಕ್ಕೆ ಮಾತ್ರ. ಅವರು ಸ್ವಲ್ಪ ಹೊತ್ತು ಯೋಚಿಸಿ, ನೀವು ಅವಳ ಬಗ್ಗೆ ಕೇಳುತ್ತೀರಿ, ನನಗೆ ಆ ಅಂಬಿಗನ ಮೇಲೆ ಸಿಟ್ಟು ಎಂದರು. ಅಷ್ಟು ಸಲ ಯೋ ಹೆಸರು ಬರೆದು ಅಷ್ಟು ದೂರ ಹೋಗಿ ಬಂದನಲ್ಲ, ಯಾವುದಾದರೂ ಊರಿನಲ್ಲಿ ದೋಣಿ ಕಟ್ಟಿದಾಗ ಯೋ ಎಂಬವರು ಇಲ್ಲಿದ್ದಾರೆಯೇ ಎಂದು ಒಂದು ಸಲವಾದರೂ ವಿಚಾರಿಸಿದನೇ? ಕಥೆ ಅದನ್ನು ಹೇಳುವುದಿಲ್ಲ.